ಗುಲಾಮರ ವ್ಯಾಪಾರದ ವಿರೋಧದಲ್ಲಿ ಬಹಿರಂಗ ಸಹಾನುಭೂತಿ: ಒಂದು ವಿಚಾರ

ಪರರ ಸಂಕಟಕ್ಕೆ ಮರುಗುವವರು ಆ ಮರುಕವನ್ನು ಹತ್ತು ಜನರ ಕಣ್ಣಿಗೆ ಬೀಳುವಂತೆ ತೋರಿದೊಡನೆ ಅದರ ಪ್ರಾಮಾಣಿಕತೆಯ ವಿಷಯದಲ್ಲಿ ಶಂಕೆ ಹುಟ್ಟುವುದುಂಟು. 2020ರ ಜೂನ್ 2ರಂದು ವರ್ಣದ್ವೇಷವನ್ನು ಖಂಡಿಸಿ ಅಸಂಖ್ಯಾತರು ಇನ್‌ಸ್ಟಾಗ್ರಾಮಿನಲ್ಲಿ ಕಪ್ಪು ಚೌಕವೊಂದನ್ನು ಪ್ರಕಟಿಸಿದಾಗ ತಲೆಯೆತ್ತಿದುದು ಇದೇ ಶಂಕೆ. ಇದು ಹೊಸದೇನೂ ಅಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಗುಲಾಮರ ವ್ಯಾಪಾರದ ವಿರುದ್ಧ ನಡೆದ ಚಳವಳಿಯನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ನಮ್ಮ ಉದ್ದೇಶ.

1787ರ ಮೇ ತಿಂಗಳಲ್ಲಿ ಆ ವ್ಯಾಪಾರದ ನಿರ್ಮೂಲನಕ್ಕಾಗಿ ಲಂಡನ್ನಿನಲ್ಲಿ ಸಂಘವೊಂದು ಸ್ಥಾಪಿತವಾಯಿತು. ಅದೇ ವರ್ಷ ಪ್ರಸಿದ್ಧ ಕುಂಭೋದ್ಯಮಿ ಜೋಸೈಯಾ ವೆಡ್ಜ್‌ವುಡ್ಡನು ಸಂಕೋಲೆ ತೊಟ್ಟು ಮೊಣಕಾಲೂರಿದ ಗುಲಾಮನ ಚಿತ್ರವುಳ್ಳ ಸಣ್ಣ ಪದಕವನ್ನು ತಯಾರಿಸಿದನು. ಗಂಡಸರು ಅದನ್ನು ನಶ್ಯದ ಡಬ್ಬಿಯ ಮುಚ್ಚಳದಲ್ಲಿ ಕೂರಿಸಿಕೊಂಡರೆಂದೂ ಹೆಂಗಸರು ಕಡಗದಲ್ಲಿಯೂ ಮುಡಿಯಲ್ಲಿಯೂ ಧರಿಸಿದರೆಂದೂ ಚಳವಳಿಯ ಅಗ್ರಗಣ್ಯನಾದ ಥಾಮಸ್ ಕ್ಲಾರ್ಕ್‌ಸನ್ನನು 1808ರಲ್ಲಿ ಪ್ರಕಟಿಸಿದ ಚರಿತ್ರೆಯಲ್ಲಿ ಹೇಳುತ್ತಾನೆ. ಅದು ಷೋಕಿಯಾಯಿತೆಂಬುದನ್ನು ಅವನು ಮರೆಮಾಚುವುದಿಲ್ಲ. ಷೋಕಿಯೂ ಒಮ್ಮೆ ನ್ಯಾಯದ ಕೆಲಸಕ್ಕೆ ಒದಗಿತಲ್ಲಾ ಎಂದು ಸಂತೋಷಿಸುತ್ತಾನೆ.

ಪದಕ ಧರಿಸಿದವರಿಗೆ ಹೇಳಿಕೊಳ್ಳುವಂಥ ನಷ್ಟವಿರಲಿಲ್ಲ. ಸಕ್ಕರೆಯ ಸಂಗತಿ ಬೇರೆ. 1791ರ ಏಪ್ರಿಲಿನಲ್ಲಿ ವಿಲ್ಬರ್‌ಫೋರ್ಸನ ಮಸೂದೆಗೆ ಪರವಾಗಿ 88, ವಿರುದ್ಧವಾಗಿ 163 ಮತಗಳು ಬಿದ್ದು ಅದು ಸೋತ ಮೇಲೆ, ವಿಲಿಯಂ ಫಾಕ್ಸ್ ಎಂಬವನ ಕಿರುಹೊತ್ತಗೆಯು ವೆಸ್ಟ್ ಇಂಡೀಸಿನ ಸಕ್ಕರೆಯನ್ನು ತ್ಯಜಿಸಿರೆಂದು ಕರೆಯಿತ್ತಿತು. ವಾರಕ್ಕೆ 5 ಪೌಂಡು ಸಕ್ಕರೆ ಬಳಸುವ ಮನೆಯವರು 21 ತಿಂಗಳು ಅದನ್ನು ಬಿಟ್ಟರೆ ಒಬ್ಬ ಮನುಷ್ಯನ ದಾಸ್ಯವನ್ನೋ ಕೊಲೆಯನ್ನೋ ತಪ್ಪಿಸಿದಂತಾಗುವುದೆಂಬುದು ಅವನ ಲೆಕ್ಕ. ಹೀಗೆ ಬಿಟ್ಟವರು ಸುಮಾರು 3,00,000 ಮಂದಿಯೆಂದು ಕ್ಲಾರ್ಕ್‌ಸನ್ನನ ಅಂದಾಜು. ಅಂದಾಜು ಚಳವಳಿಗಾರನದೇ ಎಂಬುದನ್ನು ಮರೆಯಲಾಗದು. ಇನ್ನೊಂದು ತೊಡಕೂ ಇದೆ. ಅದೇ ವರ್ಷದ ಆಗಸ್ಟಿನಲ್ಲಿ, ಇಂದಿನ ಹೈಟಿಯಾದ ಫ್ರೆಂಚರ ಸೇಂಟ್ ಡೊಮಿಂಗೊ ವಸಾಹತಿನಲ್ಲಿ ಗುಲಾಮರು ದಂಗೆಯೆದ್ದರು. (ಪದಕದ ಮೇಲೆ ಮೊಣಕಾಲೂರಿ ಬೇಡುತ್ತಿದ್ದವನು ಅಲ್ಲಿ ಯಾರನ್ನೂ ಬೇಡಲಿಲ್ಲ.) ಕಬ್ಬಿನ ತೋಟಗಳು ಉರಿದವು, ಬ್ರಿಟನ್ನಿನಲ್ಲಿಯೂ ಸಕ್ಕರೆಯ ಬೆಲೆ ಏರಿತು. ಹಾಗಾದರೆ ಚಹವನ್ನು ಸಪ್ಪೆಯಾಗಿ ಕುಡಿದವರಲ್ಲಿ ಧರ್ಮಬುದ್ಧಿಯಿಂದ ಕುಡಿದವರೆಷ್ಟು, ಬೆಲೆಗೆ ಅಂಜಿ ಕುಡಿದವರೆಷ್ಟು? ಇದನ್ನು ವಿಂಗಡಿಸಿ ಕೊಡುವ ದಾಖಲೆಯನ್ನು ನಿರೀಕ್ಷಿಸುವಂತಿಲ್ಲ.

ಆದುದರಿಂದ ಹೃದಯಶೋಧನೆಯನ್ನು ಬದಿಗಿಟ್ಟು, ತೋರಿಕೆಯು ಎಲ್ಲಿಯವರೆಗೆ ನಡೆಯಿತು, ಎಲ್ಲಿ ನಿಂತಿತು ಎಂದು ಕೇಳುವುದೇ ಉಚಿತವೆಂದು ನಮ್ಮ ಅಭಿಪ್ರಾಯ. 1792ರಲ್ಲಿ 519 ಬಿನ್ನವತ್ತಳೆಗಳು ಕಾಮನ್ಸ್ ಸಭೆಗೆ ಬಂದವು. ವ್ಯಾಪಾರವನ್ನು ಕ್ರಮಕ್ರಮವಾಗಿ ನಿಲ್ಲಿಸಲು ಸಭೆ ಒಪ್ಪಿತು, ಲಾರ್ಡರು ಕಾಲಹರಣ ಮಾಡಿದರು, ಶಾಸನವಾದುದು 1807ರಲ್ಲಿ. ಇಲ್ಲಿ ತೋರಿಕೆಯು ಕಾರ್ಯಕ್ಕೆ ಎಡೆಮಾಡಿತೆನ್ನಲು ಅಡ್ಡಿಯಿಲ್ಲ.

ಅದು ನಿಂತ ಎಡೆ ನಮಗೆ ಸಮೀಪದ್ದು. 1820ರ ದಶಕದಲ್ಲಿ ಬಹಿಷ್ಕಾರವು ಮರುಜೀವ ಪಡೆದಾಗ, ಒಳಗಿನ ಸಕ್ಕರೆ ಈಸ್ಟ್ ಇಂಡಿಯಾದ್ದು, ಗುಲಾಮರು ಮಾಡಿದುದಲ್ಲ ಎಂದು ಸಾರುವ ಬಟ್ಟಲುಗಳು ಅತಿಥಿಗಳ ಮುಂದೆ ಬಂದವು. ಆದರೆ ಕಂಪೆನಿಯ ಆಳ್ವಿಕೆಯಲ್ಲಿದ್ದ ಮಲಬಾರು, ಕೆನರಾ ಜಿಲ್ಲೆಗಳಲ್ಲಿ ಹೊಲಗೆಲಸದ ಆಳುಗಳನ್ನು ಮಾರುವ ಪದ್ಧತಿಯಿದ್ದುದು ಬುಕನನ್ನನ 1807ರ ಪ್ರವಾಸಗ್ರಂಥದಲ್ಲಿಯೇ ಅಚ್ಚಾಗಿತ್ತು. ಬಟ್ಟಲನ್ನಿಟ್ಟವರು ಕಪಟಿಗಳೆನ್ನಲು ಆಧಾರವಿಲ್ಲ. ಅವರು ಈ ಕಡೆ ನೋಡಲಿಲ್ಲ, ಅಷ್ಟೆ. 1833ರ ವಿಮೋಚನಾ ಶಾಸನವು ಒಡೆಯರಿಗೆ 2 ಕೋಟಿ ಪೌಂಡು ಪರಿಹಾರ ಕೊಟ್ಟಿತು, ಕಂಪೆನಿಯ ಪ್ರದೇಶಗಳನ್ನು ಹೊರಗಿಟ್ಟಿತು. ಇಲ್ಲಿನ ನ್ಯಾಯಾಲಯಗಳು ಗುಲಾಮರ ಮೇಲಣ ಒಡೆತನದ ಹಕ್ಕನ್ನು ಮನ್ನಿಸಕೂಡದೆಂದು ವಿಧಿಸಿದುದು 1843ರ ಐದನೆಯ ಕಾಯಿದೆ.