ದ್ವೀಪದ ಬಾಗಿಲು ಕೊಚ್ಚಿಯಲ್ಲಿದೆ



ಕೇರಳ ಪ್ರವಾಸಕ್ಕೆ ಹೊರಟವರ ಪಟ್ಟಿ ಸಾಮಾನ್ಯವಾಗಿ ಒಂದೇ ತರಹ ಇರುತ್ತದೆ. ತಿರುವನಂತಪುರದಲ್ಲಿ ಪದ್ಮನಾಭನ ದರ್ಶನ, ಹತ್ತಿರದ ಚಾಲೈ ಪೇಟೆಯಲ್ಲಿ ಬಾಳೆಕಾಯಿ ಚಿಪ್ಸು, ಮಸಾಲೆ ಸಾಮಾನು, ಪಾತ್ರೆ ಪಡಗ. ಅಲ್ಲಿಂದ ರೈಲು ಹತ್ತಿದರೆ ಕೊಚ್ಚಿ. ಕೊಚ್ಚಿಗೆ ಬಂದ ಮೇಲೆ ಇನ್ನೊಂದು ಆಸೆ ಹುಟ್ಟುತ್ತದೆ: ಹೇಗೂ ಇಲ್ಲಿಯವರೆಗೆ ಬಂದಾಯಿತು, ಲಕ್ಷದ್ವೀಪವನ್ನೂ ಒಮ್ಮೆ ನೋಡಿಬಿಡೋಣ! ಮಲ್ಪೆಯಲ್ಲಿ ಟಿಕೆಟ್ ಕೊಂಡು, ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ, ಸಂಜೆಯೊಳಗೆ ಮರಳಿದ ಅನುಭವ ನಮ್ಮಲ್ಲಿ ಅನೇಕರಿಗೆ ಇದೆ. ಇದೂ ಹಾಗೆಯೇ ಇರಬಹುದು ಅನ್ನಿಸುವುದು ಸಹಜ.

ಆದರೆ ಕೊಚ್ಚಿಯಲ್ಲಿ ಹಡಗು ಹತ್ತುವ ಮೊದಲು ಪ್ರವೇಶದ ಪರವಾನಗಿ ಕೈಯಲ್ಲಿರಬೇಕು. 1967ರ ನಿಯಮಗಳ ಪ್ರಕಾರ ದ್ವೀಪದವರಲ್ಲದ ಪ್ರವಾಸಿಗಳು ಪರವಾನಗಿ ಇಲ್ಲದೆ ಅಲ್ಲಿ ಕಾಲಿಡುವಂತಿಲ್ಲ. ನಾಯಿಯನ್ನು ಜೊತೆಗೆ ಒಯ್ಯುವಂತಿಲ್ಲ. ಲಕ್ಷದ್ವೀಪ ಹುಚ್ಚುನಾಯಿ ರೋಗವಿಲ್ಲದ ಪ್ರದೇಶ, ಅದು ಹಾಗೆಯೇ ಉಳಿಯಬೇಕೆಂದು ಈ ನಿರ್ಬಂಧ. ಪ್ರಯಾಣ ನಮ್ಮ ದೇಶದೊಳಗೇ. ಪಾಸ್‌ಪೋರ್ಟ್ ಬೇಡ, ಸುಂಕ ಕಟ್ಟಬೇಕಿಲ್ಲ. ಆದರೂ ಧಕ್ಕೆಯಲ್ಲಿ ಒಂದು ಬಾಗಿಲು ಇದೆ. ಈ ಬಾಗಿಲಿಗೆ ಹಳೆಯ ಇತಿಹಾಸವಿದೆ.

ಬಂದರಿನಲ್ಲಿ ರೋಗವನ್ನು ತಡೆಯುವ ಪದ್ಧತಿ ಸುಂಕದ ಕಟ್ಟೆಯಷ್ಟು ಹಳೆಯದಲ್ಲದಿದ್ದರೂ ಆರುನೂರು ವರ್ಷ ದಾಟಿದೆ. 1377ರಲ್ಲಿ ರಗೂಸಾ ನಗರ, ಅಂದರೆ ಇಂದಿನ ಕ್ರೊಯೇಷಿಯಾದ ಡುಬ್ರೊವ್ನಿಕ್, ಪ್ಲೇಗ್ ಇರುವ ಊರುಗಳಿಂದ ಬಂದವರು ನಗರ ಪ್ರವೇಶಿಸುವ ಮೊದಲು ಒಂದು ತಿಂಗಳು ಹೊರಗೆ ಕಳೆಯಬೇಕೆಂದು ಕಟ್ಟಳೆ ಮಾಡಿತು. ಹೀಗೆ ಕಾಯಲು ಗೊತ್ತುಮಾಡಿದ ಜಾಗಗಳಲ್ಲಿ ಮ್ರ್ಕಾನ್ ಎಂಬ ಪುಟ್ಟ ದ್ವೀಪವೂ ಒಂದು. ಮುಂದೆ ಈ ಅವಧಿ ನಲವತ್ತು ದಿನಕ್ಕೆ ಏರಿತು. ಇಟಲಿಯ ಭಾಷೆಯ 'ನಲವತ್ತು' ಎಂಬ ಪದದಿಂದಲೇ ಕ್ವಾರಂಟೈನ್ ಎಂಬ ಹೆಸರು ಬಂದದ್ದು. 1423ರಲ್ಲಿ ವೆನಿಸ್ ಕೂಡ ಪ್ಲೇಗ್ ರೋಗಿಗಳಿಗೆಂದು ದ್ವೀಪವೊಂದರಲ್ಲಿ ಆಸ್ಪತ್ರೆ ತೆರೆಯಿತು.

ಇಲ್ಲೆಲ್ಲ ಕಾಪಾಡಬೇಕಾದದ್ದು ನಗರವನ್ನು. ದ್ವೀಪ ಎಂದರೆ ರೋಗಿಗಳನ್ನು ಬಿಡುವ ಜಾಗ. ಲಕ್ಷದ್ವೀಪದಲ್ಲೂ ಇಂಥ ನೆನಪು ಉಳಿದಿದೆ. ಮಿನಿಕಾಯ್ ಪಕ್ಕದ ವಿರಿಂಗಿಲಿ ಎಂಬ ಜನವಸತಿಯಿಲ್ಲದ ತುಣುಕು ದ್ವೀಪಕ್ಕೆ ಸಿಡುಬಿನ ದ್ವೀಪ ಎಂಬ ಹೆಸರೂ ಇದೆ. ಹಿಂದೆ ಮಿನಿಕಾಯ್‌ನ ಕುಷ್ಠರೋಗಿಗಳನ್ನು ಅಲ್ಲಿ ಬಿಡುತ್ತಿದ್ದರು.

ಭಾರತದಲ್ಲಿ ಕ್ವಾರಂಟೈನ್‌ಗೆಂದೇ 1870ರಲ್ಲಿ ಕಾಯಿದೆ ಬಂತು. ಆಗ ಸರ್ಕಾರಗಳನ್ನು ಕಾಡುತ್ತಿದ್ದದ್ದು ಕಾಲರಾ. 1865ರಲ್ಲಿ ಮೆಕ್ಕಾ ಯಾತ್ರೆಯ ಕಾಲಕ್ಕೆ ಅದು ಹಬ್ಬಿದ ಮೇಲೆ, ಹಜ್‌ಗೆ ಹೋಗುವ ಹಡಗುಗಳ ಮೇಲೆ ಎಲ್ಲ ದೇಶಗಳ ಕಣ್ಣು ಬಿತ್ತು. ಕೆಂಪು ಸಮುದ್ರದ ಕಮರಾನ್ ದ್ವೀಪದಲ್ಲಿ ತುರ್ಕಿ ಸರ್ಕಾರ ನಿಲ್ದಾಣ ತೆರೆದು, ಮುಂಬಯಿಯ ಕಡೆಯಿಂದ ಹೋದ ಯಾತ್ರಿಕರನ್ನು ದಿನಗಟ್ಟಲೆ ಅಲ್ಲಿ ಇಳಿಸಿಕೊಳ್ಳುತ್ತಿತ್ತು. 1894ರ ಪ್ಯಾರಿಸ್ ಸಮ್ಮೇಳನದಲ್ಲಿ ಇನ್ನೊಂದು ವಿಚಾರಕ್ಕೆ ಒತ್ತು ಬಂತು: ಯಾತ್ರಿಕರನ್ನು ಇಳಿಯುವಲ್ಲಿ ಮಾತ್ರ ಯಾಕೆ, ಹತ್ತುವಲ್ಲಿಯೂ ಪರೀಕ್ಷಿಸಬೇಕು. ಮುಂಬಯಿಯ ಪ್ಲೇಗ್ ಹಿನ್ನೆಲೆಯಲ್ಲಿ 1897ರಲ್ಲಿ ಬಂದ ಸಾಂಕ್ರಾಮಿಕ ರೋಗಗಳ ಕಾಯಿದೆಯೂ ಬಂದರಿಗೆ ಬರುವ ಹಡಗನ್ನಷ್ಟೇ ಅಲ್ಲ, ಹೊರಡುವ ಹಡಗನ್ನೂ, ಅದನ್ನು ಹತ್ತಲಿರುವವರನ್ನೂ ತಡೆಯುವ ಅಧಿಕಾರ ಕೊಟ್ಟಿತು.

ಈ ಅಧಿಕಾರ ಇಂದಿಗೂ ಎರಡು ದಾರಿಯಲ್ಲಿ ನಡೆದಿದೆ. ಸರಕಿನ ವಿಚಾರ ಕಸ್ಟಮ್ಸ್‌ನವರದು. 1962ರ ಕಸ್ಟಮ್ಸ್ ಕಾಯಿದೆಯ 11ನೇ ಕಲಮಿನಲ್ಲಿ ಮನುಷ್ಯ, ಪ್ರಾಣಿ, ಸಸ್ಯಗಳ ಆರೋಗ್ಯದ ಸಲುವಾಗಿ ಆಮದನ್ನು ನಿಷೇಧಿಸಲು ಅವಕಾಶವಿದೆ. ಜನರ ಆರೋಗ್ಯದ ವಿಚಾರ ಬಂದರಿನ ಆರೋಗ್ಯಾಧಿಕಾರಿಯದು. ವಿದೇಶದಿಂದ ಬಂದ ಹಡಗು ಹಳದಿ ಬಾವುಟ ಏರಿಸಿದರೆ, ಹಡಗಿನಲ್ಲಿ ಎಲ್ಲರೂ ಆರೋಗ್ಯವಾಗಿದ್ದೇವೆ, ಒಳಗೆ ಬರಲು ಅಪ್ಪಣೆ ಕೊಡಿ ಎಂದು ಅರ್ಥ. ಹಳದಿ ಕಂಡರೆ ರೋಗ ಎಂದು ತಿಳಿದವರಿಗೆ ಇದು ಆಶ್ಚರ್ಯವೇ ಸರಿ!

ಕೊಚ್ಚಿ ಮತ್ತು ಲಕ್ಷದ್ವೀಪದ ನಡುವೆ ಇಂಥ ಬಾವುಟದ ಅಗತ್ಯವಿಲ್ಲ. ಹಾಗಾಗಿ ಇಲ್ಲಿ ತಡೆ ಹಾಕುವುದಾದರೆ ಹೊರಡುವ ಧಕ್ಕೆಯಲ್ಲೇ ಹಾಕಬೇಕು. ಒಂದು ಕಾಲಕ್ಕೆ ಆ ಧಕ್ಕೆ ನಮ್ಮ ಮಂಗಳೂರಿನಲ್ಲೂ ಇತ್ತು. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರ ದ್ವೀಪಗಳು 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಸೇರಿದ್ದವು. ದ್ವೀಪದವರು ಹಾಯಿ ಓಡಗಳಲ್ಲಿ ತೆಂಗಿನ ನಾರಿನ ಹುರಿ ತಂದು, ಮಂಗಳೂರಿನಿಂದ ಅಕ್ಕಿ ಒಯ್ಯುತ್ತಿದ್ದರು. ದಡವನ್ನು ಪೂರ್ತಿ ಬಿಟ್ಟು ಬದುಕುವುದು ದ್ವೀಪಕ್ಕೆ ಎಂದೂ ಸಾಧ್ಯವಿರಲಿಲ್ಲ.

ಪ್ರವಾಸಿಗಳ ಭೇಟಿಯ ಕ್ರಮ ಬೇರೆ. ಹೆಸರಾದ 'ಸಮುದ್ರಂ' ಪ್ರವಾಸದಲ್ಲಿ ರಾತ್ರಿ ಹಡಗು ಸಾಗುತ್ತದೆ. ಬೆಳಿಗ್ಗೆ ಅದು ಹವಳದ ದಿಬ್ಬದ ಆಚೆ ನಿಲ್ಲುತ್ತದೆ. ಸಣ್ಣ ದೋಣಿಗಳಲ್ಲಿ ಜನರನ್ನು ಕವರತ್ತಿ, ಕಲ್ಪೇನಿ ಅಥವಾ ಮಿನಿಕಾಯ್‌ಗೆ ಇಳಿಸಿ, ಸಂಜೆಗೆ ಮತ್ತೆ ಹಡಗಿಗೆ ಕರೆತರುತ್ತಾರೆ. ಅಂದರೆ ಒಂದೊಂದು ದ್ವೀಪಕ್ಕೂ ಒಂದೊಂದು ಹಗಲು. ಇಂಥ ಪ್ರವಾಸಕ್ಕೆ ಹದಿನಾಲ್ಕು ದಿನದ ಪ್ರತ್ಯೇಕವಾಸವನ್ನು ಹೊಂದಿಸುವುದು ಹೇಗೆ? ಅದು ಆಗದ ಮಾತು. ಹತ್ತುವ ಮೊದಲೇ ಪರೀಕ್ಷೆ ಮಾಡಬೇಕು, ಇಲ್ಲವೇ ಪ್ರವಾಸವನ್ನೇ ನಿಲ್ಲಿಸಬೇಕು.

2020ರಲ್ಲಿ ಆದದ್ದು ಎರಡನೆಯದು. ಜನವರಿ 30ರಂದು ದೇಶದ ಮೊದಲ ಕೋವಿಡ್ ಪ್ರಕರಣ ಪಕ್ಕದ ಕೇರಳದಲ್ಲೇ ಕಾಣಿಸಿತು. ಲಕ್ಷದ್ವೀಪದ ಆಡಳಿತ ಪ್ರವಾಸಿಗಳನ್ನು ನಿಲ್ಲಿಸಿತು. ದ್ವೀಪಕ್ಕೆ ಹೋಗಲೇಬೇಕಾದವರು ಕೊಚ್ಚಿಯಲ್ಲಿ ಏಳು ದಿನ ಪ್ರತ್ಯೇಕವಾಗಿದ್ದು, ಪರೀಕ್ಷೆ ಮಾಡಿಸಿಕೊಂಡು, ದ್ವೀಪ ತಲುಪಿದ ಮೇಲೂ ಮತ್ತೆ ಮನೆಯೊಳಗೇ ಇರಬೇಕಾಗಿತ್ತು. ಪ್ರವಾಸಿಗೆ ಇದರಿಂದ ಆದ ನಷ್ಟ ಒಂದು ರಜೆ. ದ್ವೀಪದವರ ಪಾಡು ಬೇರೆ. ದೊಡ್ಡ ಕಾಯಿಲೆಗೆ ಅವರಿಗೆ ಕೊಚ್ಚಿಯೇ ಆಸ್ಪತ್ರೆ, ಹೆಚ್ಚಿನ ಓದಿಗೂ ಅನೇಕರಿಗೆ ದಡವೇ ಗತಿ. ಚಿಕಿತ್ಸೆ ಮುಗಿಸಿದವರು ಮನೆ ಸೇರಲು ವಾರಗಟ್ಟಲೆ ಕಾಯಬೇಕಾಯಿತು. ಇಷ್ಟೆಲ್ಲ ಸಹಿಸಿದ್ದರ ಫಲವೂ ಕಂಡಿತು: 2020 ಪೂರ್ತಿ ಅಲ್ಲಿ ಒಂದೂ ಪ್ರಕರಣ ದಾಖಲಾಗಲಿಲ್ಲ.

ಡಿಸೆಂಬರಿನಲ್ಲಿ ನಿಯಮ ಸಡಿಲವಾಯಿತು. ಹೊರಡುವ 48 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ವರದಿ ಸಾಕು ಎಂದಾಯಿತು. 2021ರ ಜನವರಿ 18ರಂದು ಮೊದಲ ಪ್ರಕರಣ ವರದಿಯಾಯಿತು. ಅವರು ಆ ತಿಂಗಳ ಮೊದಲಲ್ಲಿ ಕೊಚ್ಚಿಯಿಂದ ಹಡಗಿನಲ್ಲಿ ಬಂದವರು. 2011ರ ಜನಗಣತಿಯಂತೆ 64,473 ಜನಸಂಖ್ಯೆಯ ಪ್ರದೇಶದಲ್ಲಿ ಜೂನ್ ಹೊತ್ತಿಗೆ ಪ್ರಕರಣಗಳು ಏಳು ಸಾವಿರ ದಾಟಿದ್ದವು. ಸಡಿಲಿಸಿದ್ದೇ ಕಾರಣ ಎಂದು ದ್ವೀಪದಲ್ಲಿ ಅನೇಕರು ದೂರಿದರು. ಎಷ್ಟು ಕಾಲ ಮುಚ್ಚಿರಲು ಸಾಧ್ಯ ಎಂಬುದು ಆಡಳಿತದ ಕಡೆಯವರ ವಾದ. ದೇಶದ ಎರಡನೆಯ ಅಲೆ ಎದ್ದದ್ದೂ ಅದೇ ತಿಂಗಳುಗಳಲ್ಲಿ ಎಂಬುದನ್ನು ಮರೆಯುವಂತಿಲ್ಲ. ಆದರೆ ಒಂದು ವ್ಯತ್ಯಾಸ ಸ್ಪಷ್ಟ. ಸೋಂಕು ತಗುಲಿದ ಮೊದಲ ಕೆಲವು ದಿನ ಪರೀಕ್ಷೆಯಲ್ಲಿ ಅದು ಕಾಣದೇ ಇರಬಹುದು. ಏಳು ದಿನ ಕಾಯಿಸಿದರೆ ಕಾಣುವ ಸಾಧ್ಯತೆ ಹೆಚ್ಚು, ಒಂದು ಚೀಟಿ ನೋಡಿ ಹತ್ತಿಸಿದರೆ ತಪ್ಪಿಹೋಗಬಹುದು.

ಪ್ರವಾಸ ಮತ್ತೆ ಶುರುವಾಗಿದೆ. ಮುಂದೆ ನೀವು ಆ ಕಡೆ ಹೊರಟಾಗ ಪರವಾನಗಿಗೆ ಅರ್ಜಿ, ಅದಕ್ಕೊಂದು ಕಾಯುವಿಕೆ, ಧಕ್ಕೆಯಲ್ಲಿ ಸರದಿ ಎಲ್ಲ ಬೇಸರ ತರಿಸಬಹುದು. ಜ್ವರವೋ ಕೆಮ್ಮೋ ಇದ್ದರೆ ಪ್ರಯಾಣ ಮುಂದೂಡುವುದು ಒಳ್ಳೆಯದು. ನಮಗೆ ಅದು ಒಂದು ಹಗಲಿನ ತಿರುಗಾಟ. ನಾವು ಬಿಟ್ಟುಬಂದದ್ದು ಏನಾದರೂ ಇದ್ದರೆ ಅದಕ್ಕೆ ಔಷಧ ಹುಡುಕಿಕೊಂಡು ಅವರು ರಾತ್ರಿಯಿಡೀ ಸಮುದ್ರ ದಾಟಿ ಕೊಚ್ಚಿಗೇ ಬರಬೇಕು.