ಬಿಟ್ಟಂಗಾಲದ ಚರಿತ್ರೆಗೆ ಯಾವ ಗಡಿ?

ವೀರಾಜಪೇಟೆಯಿಂದ ಗೋಣಿಕೊಪ್ಪಕ್ಕೆ ಹೋಗುವ ರಸ್ತೆಯಲ್ಲಿ ಬಿಟ್ಟಂಗಾಲವಿದೆ. ಏರಿನಲ್ಲಿ ಕಾಫಿ ತೋಟ, ತಗ್ಗಿನಲ್ಲಿ ಗದ್ದೆ, ನಡುವೆ ಗದ್ದೆಗೆ ಸೇರಿದ ಕಾಡುನೆಲವಾದ ಬಾಣೆ: ದಕ್ಷಿಣ ಕೊಡಗಿನ ನೆಲದ ಲಕ್ಷಣವೇ ಇದು. 2011ರ ಜನಗಣತಿಯಂತೆ ಇಡೀ ಜಿಲ್ಲೆಯ ವಿಸ್ತೀರ್ಣ 4,102 ಚದರ ಕಿಲೋಮೀಟರ್, ಜನಸಂಖ್ಯೆ 5,54,519. ಊರ ಚರಿತ್ರೆ ಬರೆಯುವವರು ಇಂಥ ಅಂಕಿಗಳನ್ನು ಎತ್ತಿಕೊಂಡು ತಾಲ್ಲೂಕಿನ ಚೌಕಟ್ಟಿನೊಳಗೆ ಊರನ್ನು ಕೂರಿಸುವುದು ವಾಡಿಕೆ. ಆದರೆ ಕೊಡಗಿನಲ್ಲಿ ತಾಲ್ಲೂಕು ತೀರ ಚಂಚಲವಾದ ಗಡಿ. ಬಿಟ್ಟಂಗಾಲದಂಥ ಊರಿನ ಚರಿತ್ರೆಯನ್ನು ಊರುಗಳ ಗುಂಪಾದ ನಾಡು, ಊರವರು ಸೇರುವ ಅಂಬಲ, ದೇವರಿಗೆ ಮೀಸಲಾದ ದೇವರಕಾಡುಗಳಿಂದಲೇ ಆರಂಭಿಸಬೇಕು.

ಕೊಡಗಿನ ಅರಸ ದೊಡ್ಡವೀರರಾಜೇಂದ್ರ ವೀರಾಜಪೇಟೆಯನ್ನು ಕಟ್ಟಿಸಿದ್ದು 1792ರಲ್ಲಿ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿದ ಬ್ರಿಟಿಷರು ಸುಬೇದಾರ, ಪಾರುಪತ್ತೆಗಾರರ ಆಡಳಿತವನ್ನು ನಡೆಸಿದರು. ಆಗ ತಾಲ್ಲೂಕುಗಳಿಗೆ ಎಡೆನಾಲ್ಕುನಾಡು, ಕಿಗ್ಗಟ್ಟುನಾಡು ಎಂಬಂಥ ಹೆಸರುಗಳಿದ್ದವು. ನಾಡಿನ ನೆನಪು ಹೆಸರಿನಲ್ಲಾದರೂ ಉಳಿದಿತ್ತು. ಮುಂದೆ ಪೇಟೆಗಳ ಹೆಸರೇ ತಾಲ್ಲೂಕಿನ ಹೆಸರಾಯಿತು. 1956ರಲ್ಲಿ ಕೊಡಗು ರಾಜ್ಯ ಮೈಸೂರಿನೊಳಗೆ ಸೇರಿತು. ಇತ್ತೀಚೆಗೆ ಪೊನ್ನಂಪೇಟೆ, ಬಾಳೆಲೆ, ಹುದಿಕೇರಿ, ಶ್ರೀಮಂಗಲ ಹೋಬಳಿಗಳು ಪೊನ್ನಂಪೇಟೆ ತಾಲ್ಲೂಕಾದವು. ಬಿಟ್ಟಂಗಾಲ ವೀರಾಜಪೇಟೆಯಲ್ಲೇ ಉಳಿಯಿತು. ಈ ಬದಲಾವಣೆಗಳಿಂದ ಜನರಿಗೆ ಅನುಕೂಲವಾಗಿದೆ, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಕಚೇರಿ ಹತ್ತಿರವಾದ ಮಾತ್ರಕ್ಕೆ ಚರಿತ್ರೆ ಹತ್ತಿರವಾಗುವುದಿಲ್ಲ.

ಇದಕ್ಕೆ ದೇವರಕಾಡಿನ ದಾಖಲೆಯೇ ಸಾಕ್ಷಿ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಒಂದೊಂದಕ್ಕೂ ಒಬ್ಬ ದೇವರು, ಕಟ್ಟುಪಾಡು, ಹೊಣೆ ಹೊತ್ತ ಒಕ್ಕಗಳೆಂಬ ಮನೆತನಗಳು, ಮುಂದೆ ನಿಲ್ಲುವ ತಕ್ಕನೆಂಬ ಮುಖ್ಯಸ್ಥ. 1905ರ ಲೆಕ್ಕದಲ್ಲಿ ಇವುಗಳ ವಿಸ್ತಾರ 15,506 ಎಕರೆ. 1985ರ ಹೊತ್ತಿಗೆ ಅದು 6,299 ಎಕರೆಗೆ ಇಳಿದಿತ್ತು. ಈ ಅವಧಿಯುದ್ದಕ್ಕೂ ಊರುಗಳಲ್ಲಿ ದೇವರಕಾಡಿನ ಹರಕೆ, ಹಬ್ಬ ನಿಂತಿರಲಿಲ್ಲ. ಆದರೂ ಅಳತೆಯಲ್ಲಿ ಅರ್ಧಕ್ಕಿಂತ ಹೆಚ್ಚು ಕರಗಿತು. ಒತ್ತುವರಿಯಾದ ನೆಲದ ಜೊತೆಗೆ ಅದರ ಐತಿಹ್ಯವೂ ಹೋಗುತ್ತದೆ. ಕಾಡೇ ಇಲ್ಲದ ಕಡೆ ಕಟ್ಟುಪಾಡು ಯಾಕೆ ಎಂದು ಮುಂದಿನ ತಲೆಮಾರು ಕೇಳಿದರೆ ಉತ್ತರ ಹೇಳುವವರಿರುವುದಿಲ್ಲ.

ಬಾಯಿಮಾತನ್ನು ನಂಬಿ ಚರಿತ್ರೆ ಬರೆಯಬಹುದೇ, ಒಂದೊಂದು ಒಕ್ಕ ಒಂದೊಂದು ಕಥೆ ಹೇಳುತ್ತದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಇಲ್ಲಿ ಬಾಯಿಮಾತು ಒಂಟಿಯಲ್ಲ. ಅರಸ ಲಿಂಗರಾಜನ ಕಾಲದ ಶಿಸ್ತು ಎಂಬ ಭೂಕಂದಾಯದ ದಾಖಲೆ ಇದೆ, ಬ್ರಿಟಿಷರ ಸರ್ವೆ ಇದೆ, ವಂಶಪಾರಂಪರ್ಯವಾದ ಜಮ್ಮಾ ಹಿಡುವಳಿಯ ಕಾಗದಗಳಿವೆ. ಐತಿಹ್ಯವನ್ನು ಇವುಗಳ ಪಕ್ಕದಲ್ಲಿಟ್ಟು ನೋಡಿದಾಗ ಹೊಂದುವುದೂ ಹೊಂದದಿರುವುದೂ ಎರಡೂ ಚರಿತ್ರೆಯೇ. 1952ರಲ್ಲಿ ಎಂ.ಎನ್. ಶ್ರೀನಿವಾಸರು ಪ್ರಕಟಿಸಿದ ಕೊಡಗರ ಅಧ್ಯಯನವೂ ಒಕ್ಕ, ಊರು, ನಾಡುಗಳ ಸಂಬಂಧದಿಂದಲೇ ಸಮಾಜವನ್ನು ವಿವರಿಸಿತು.

ಬಿಟ್ಟಂಗಾಲದ ಪ್ರತಿ ಒಕ್ಕದ ಯಜಮಾನರಾದ ಪಟ್ಟೆದಾರರೂ ಒಕ್ಕಕ್ಕೆ ಸೇರದೆ ಇದೇ ನೆಲದಲ್ಲಿ ದುಡಿದ ಕುಟುಂಬಗಳ ಹಿರಿಯರೂ ತಮ್ಮ ಅಂಬಲ ಎಲ್ಲಿತ್ತು, ದೇವರಕಾಡಿನ ಎಲ್ಲೆ ಯಾವ ಮರದವರೆಗೆ ಎಂಬುದನ್ನು ಈ ವರ್ಷವೇ ಬರೆದಿಡಲಿ. ಗ್ರಾಮ ಪಂಚಾಯಿತಿ ಅದನ್ನು ಸರ್ವೆ ನಕ್ಷೆಯೊಂದಿಗೆ ಕಾಪಿಡಲಿ.