ಹಂಚಿನ ಬೆನ್ನಿನ ಲೆಕ್ಕ

ಕರಾವಳಿಯಲ್ಲಿ ಹಳೆ ಮನೆ ಕೆಡವುವುದು ಕಂಡರೆ ನಿಂತು, ಮಾಡಿನಿಂದ ಇಳಿಸಿದ ಹಂಚನ್ನು ಮಗುಚಿ ನೋಡುವುದು ನನ್ನ ಚಟ. ಒಲೆಯ ಮಸಿ ಒರೆಸಿದರೆ ಬೆನ್ನಲ್ಲಿ ಉಬ್ಬಕ್ಷರ ಕಾಣುತ್ತದೆ: ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865. ಹಂಚಿಗೆ ನೂರೈವತ್ತು ವರ್ಷ ದಾಟಿತೆಂದು ಮನೆಯವರು ಬೀಗುತ್ತಾರೆ. ಅದು ಕಾರ್ಖಾನೆ ಹುಟ್ಟಿದ ಇಸವಿ. ಆಮೇಲೂ ಬಹುಕಾಲ ಅದೇ ಅಚ್ಚು ಒತ್ತಿದ್ದಾರೆ. ನಾನು ತಿದ್ದಲು ಹೋಗುವುದಿಲ್ಲ.

ನಮ್ಮಲ್ಲಿ ಈ ಹಂಚು ಮಾಡಿಸಿದ ಬಾಸೆಲ್ ಮಿಷನ್ನಿನಂಥ ಕ್ರೈಸ್ತ ಸಂಸ್ಥೆಗಳ ಸೇವೆಯ ಮಾತು ಬಂದರೆ ಒಂದೋ ಹಾಡಿ ಹೊಗಳುತ್ತಾರೆ, ಇಲ್ಲವೇ ಹುಬ್ಬು ಗಂಟಿಕ್ಕುತ್ತಾರೆ. ದುಡ್ಡು ಎಲ್ಲಿಂದ ಬಂತು, ಯಾರಿಗೆ ಹೋಯಿತು ಎಂದು ಲೆಕ್ಕದ ಪುಸ್ತಕ ಬಿಡಿಸುವ ತಾಳ್ಮೆ ಇಬ್ಬರಿಗೂ ಇಲ್ಲ. ನನಗಂತೂ ಈ ಸೇವೆಯ ಚರಿತ್ರೆ ಅಲ್ಲೇ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದಾಗ ಕಾರ್ಖಾನೆ ಕಟ್ಟುವ ಯೋಚನೆ ಅವರಿಗಿರಲಿಲ್ಲ. ಅದು ತಲೆಗೆ ಬಿದ್ದ ಕೆಲಸ. ಮತಾಂತರವಾದವರಲ್ಲಿ ಬಿಲ್ಲವರು ಬಹಳ. ಮೂರ್ತೆ, ಅಂದರೆ ಕಳ್ಳು ಇಳಿಸುವ ಕಸುಬು, ಮಿಷನ್ನಿನ ಕಣ್ಣಿಗೆ ಪಾಪ. ಕಸುಬು ಬಿಡಬೇಕು, ಮನೆಯವರು ದೂರ ಮಾಡುತ್ತಾರೆ, ಗೇಣಿಯ ಗದ್ದೆಯೂ ಕೈತಪ್ಪುತ್ತದೆ. ಹೊಸ ನಂಬಿಕೆಯ ಜತೆಗೇ ಹಸಿವೂ ಮನೆಗೆ ಬಂತು. ಅನ್ನದ ದಾರಿ ತೋರಿಸುವ ಹೊಣೆ, ಕಸುಬು ಬಿಡಿಸಿದವರ ಮೇಲೆಯೇ ಬಿತ್ತು.

ಮೊದಲು ಕೈಗೆ ಹತ್ತಿದ್ದು ಮುದ್ರಣ. ಬಲ್ಮಠದ ಕಲ್ಲಚ್ಚಿನಿಂದಲೇ 1843ರಲ್ಲಿ ಮಿಷನ್ನಿನ ಮೊಗ್ಲಿಂಗರ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಬಂದದ್ದು. ಆಮೇಲೆ ಮಗ್ಗ ಬಂತು. 1851ರಲ್ಲಿ ಬಂದ ಹಾಲರ್ ನೇಯ್ಗೆ ಬಲ್ಲವರು. ಖಾಕಿ ಬಣ್ಣ ಇವರ ಕೈಯಲ್ಲೇ ಹುಟ್ಟಿತೆಂದು ಮಂಗಳೂರಿನವರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಆದರೆ ಲೆಕ್ಕವನ್ನೇ ಬದಲಿಸಿದ್ದು 1865ರಲ್ಲಿ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ತೆರೆದ ಹಂಚಿನ ಕಾರ್ಖಾನೆ. ನೇತ್ರಾವತಿ ದಂಡೆಯ ಜೇಡಿಮಣ್ಣು ದೋಣಿಯಲ್ಲಿ ಬರುತ್ತಿತ್ತು. ಅದನ್ನು ಹದಮಾಡಿ, ಅಚ್ಚಿಗೆ ಒತ್ತಿ, ನೆರಳಲ್ಲಿ ಒಣಗಿಸಿ, ಭಟ್ಟಿಯಲ್ಲಿ ಸುಡುತ್ತಿದ್ದರು. ಫ್ರಾನ್ಸಿನ ಮಾದರಿಯ ಈ ಹಂಚುಗಳು ಒಂದರ ಅಂಚು ಇನ್ನೊಂದರ ತೋಡಿನೊಳಗೆ ಕೂರುವಂತಿದ್ದವು. ಆಷಾಢದ ಗಾಳಿಮಳೆಯನ್ನು ಮುಳಿಹುಲ್ಲಿಗಿಂತ ಚೆನ್ನಾಗಿ ತಾಳಿದವು. ಮೂರೇ ವರ್ಷಕ್ಕೆ, 1868ರಲ್ಲಿ, ಆಲ್ಬುಕರ್ಕ್ ಮನೆತನ ತನ್ನದೇ ಕಾರ್ಖಾನೆ ಹಾಕಿತು. ಅಲ್ಲಿಂದ ಮುಂದೆ ‘ಮಂಗಳೂರು ಹಂಚು’ ಮಿಷನ್ನಿನದ್ದಾಗಿ ಉಳಿಯಲಿಲ್ಲ, ಊರಿನದಾಯಿತು.

ಮಿಷನ್ನಿನ ಈ ವ್ಯವಸ್ಥೆಯಲ್ಲಿ ಒಂದು ತೊಡಕಿತ್ತು. ಭಾನುವಾರ ಬೋಧನೆ ಮಾಡುವ ಬಳಗವೇ ಸೋಮವಾರ ಸಂಬಳ ಕೊಡುವ ಯಜಮಾನ. ಕೂಲಿ ಸಾಲದೆಂದು ಅಂಥವರ ಮುಂದೆ ಬಾಯಿ ಬಿಡುವುದು ಹೇಗೆ? ಸ್ವಾವಲಂಬನೆ ಕಲಿಸಲು ಹೊರಟ ವ್ಯವಸ್ಥೆ ಜನರನ್ನು ಮತ್ತೊಂದು ಬಗೆಯ ಒಕ್ಕಲಾಗಿಸಿತು ಎಂಬ ಟೀಕೆಯನ್ನು ತಳ್ಳಿಹಾಕಲಾರೆ. ಆದರೂ ಕೈಗೆ ಬಂದ ಕೆಲಸ ಕೈಯಲ್ಲೇ ಉಳಿಯಿತು. ಮೊದಲ ಮಹಾಯುದ್ಧದಲ್ಲಿ ಮಿಷನ್ನಿನ ಜರ್ಮನ್ನರನ್ನು ಬಂಧನದಲ್ಲಿಟ್ಟು, ಕಾರ್ಖಾನೆಗಳನ್ನು ಕಾಮನ್‌ವೆಲ್ತ್ ಟ್ರಸ್ಟಿಗೆ ವಹಿಸಿದ ಮೇಲೂ ಭಟ್ಟಿಯ ಹದ ಬಲ್ಲವರು ಊರಲ್ಲೇ ಇದ್ದರು.

ಅದೇ ಮಂಗಳೂರಿನ ಇನ್ನೊಂದು ಬದಿಯಲ್ಲಿ ಕಥೊಲಿಕರ ಲೆಕ್ಕ ಬೇರೆ ಥರ ನಡೆದಿತ್ತು. ಜರ್ಮನಿಯ ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಹೋಮಿಯೋಪಥಿ ಔಷಧ ಕೊಡಲು ಶುರುಮಾಡಿದರು. ಆಲದ ಮರದಡಿ ಕೂತು ಕೊಡುತ್ತಿದ್ದರೆಂಬುದು ಊರಿನ ಕಥೆ. ಔಷಧಿಗೆ ಟಪಾಲಿನಲ್ಲಿ ದೂರದೂರದಿಂದ ಬೇಡಿಕೆ ಬರತೊಡಗಿತು. ಆ ಬಿಳಿ ಗುಳಿಗೆಗಳ ಆದಾಯ 1890ರಲ್ಲಿ ಕುಷ್ಠರೋಗಿಗಳ ಆಶ್ರಯಕ್ಕೂ, 1902ರಲ್ಲಿ ಪ್ಲೇಗ್ ಬಂದಾಗ ಅದರ ಆಸ್ಪತ್ರೆಗೂ ಆಸರೆಯಾಯಿತು. ಇಲ್ಲಿ ಬಾಗಿಲಲ್ಲಿ ಯಾವ ಮತದವರೆಂದು ಕೇಳುತ್ತಿರಲಿಲ್ಲ. ಹಂಚಿನ ಕಾರ್ಖಾನೆ ತನ್ನವರಿಗಾಗಿ ಹುಟ್ಟಿ ಊರಿಗೆ ಹರಡಿದರೆ, ಗುಳಿಗೆ ಮೊದಲ ದಿನದಿಂದಲೇ ಊರಿನದು. ಈಗ ಅದೇ ಜಾಗದಲ್ಲಿ ಮೆಡಿಕಲ್ ಕಾಲೇಜಿದೆ. ಕರಾವಳಿಯಾಚೆಗೂ ಇಂಥ ಆಸ್ಪತ್ರೆಗಳು ಎದ್ದವು: 1886ರಲ್ಲಿ ಬೆಂಗಳೂರಿನ ಸಂತ ಮಾರ್ತಾ, 1906ರಲ್ಲಿ ಮೈಸೂರಿನ ಹೋಲ್ಡ್ಸ್‌ವರ್ತ್. ಉಡುಪಿಯ ಮಿಷನ್ ಆಸ್ಪತ್ರೆಯನ್ನು 1923ರಲ್ಲಿ ಕಟ್ಟಿದ ಡಾ. ಇವಾ ಲೊಂಬಾರ್ಡ್ ಹೆಂಗಸು ಎಂಬುದನ್ನು ಮರೆಯಬಾರದು. ಗಂಡು ಡಾಕ್ಟರಿಗೆ ನಾಡಿ ತೋರಿಸಲು ನಾಚುವ ಬಾಣಂತಿಯರ ಕಾಲ ಅದು.

ಸ್ವಾತಂತ್ರ್ಯದ ನಂತರ ಗಾಳಿ ತಿರುಗಿತು. ಎರಡನೇ ವ್ಯಾಟಿಕನ್ ಮಹಾಸಭೆ (1962–65) ಬಡವರ ಪರ ನಿಲ್ಲುವ ಮಾತನ್ನು ದೊಡ್ಡದಾಗಿ ಆಡಿತು. ಅತ್ತ ಜರ್ಮನಿಯಲ್ಲಿ 1958ರ ಮಿಸೆರಿಯೊರ್, 1959ರ ಬ್ರೆಡ್ ಫಾರ್ ದಿ ವರ್ಲ್ಡ್ ಎಂಬ ಚರ್ಚ್ ನೆರವು ಸಂಸ್ಥೆಗಳು ಹುಟ್ಟಿಕೊಂಡಿದ್ದವು. ಬಾವಿ ತೋಡಲು, ಹಾಸ್ಟೆಲ್ ಕಟ್ಟಲು, ಜೀಪು ಕೊಳ್ಳಲು ಹೊರಗಿನ ಹಣ ಬಂತು. ಮಂಗಳೂರು ಧರ್ಮಪ್ರಾಂತ್ಯದ ಸಿಓಡಿಪಿಯಂಥ ಅಭಿವೃದ್ಧಿ ಸಂಸ್ಥೆಗಳು 70ರ ದಶಕದಲ್ಲಿ ತಲೆಯೆತ್ತಿದವು. 1960ರಲ್ಲೇ ಮಂಗಳೂರಿನಲ್ಲಿ ಶುರುವಾದ ರೋಶನಿ ನಿಲಯ ಕಾಲೇಜಿನಲ್ಲಿ ಸಮಾಜಕಾರ್ಯ ಕಲಿತವರು ಹಳ್ಳಿ ಸುತ್ತಿದರು. ‘ದಾನ’ ಎಂಬ ಮಾತಿನ ಜಾಗಕ್ಕೆ ‘ಅಭಿವೃದ್ಧಿ’, ಆಮೇಲೆ ‘ಸಬಲೀಕರಣ’ ಬಂತು. ಮಾತು ಬದಲಾದಷ್ಟು ವೇಗದಲ್ಲಿ ಕೆಲಸ ಬದಲಾಯಿತೇ ಎಂಬುದು ನನ್ನ ಅನುಮಾನ. ಹಂಚು ಮಾರಿ ಬದುಕಿದ ಸಂಸ್ಥೆ ಗಿರಾಕಿಗೆ ಉತ್ತರ ಹೇಳಬೇಕಿತ್ತು. ಯೋಜನೆ ಬರೆದು ಬದುಕುವ ಸಂಸ್ಥೆ ವರದಿ ಓದುವವನಿಗೆ.

ಒಂದು ಕಡೆ ಮಾತ್ರ ಬದಲಾವಣೆ ಕಣ್ಣಿಗೆ ಹೊಡೆಯುವಂತಿದೆ. 80ರ ದಶಕದಲ್ಲಿ ಬಹುಔಷಧ ಚಿಕಿತ್ಸೆ ಬಂದ ಮೇಲೆ ಕುಷ್ಠ ಗುಣವಾಗತೊಡಗಿತು. ಬದುಕಿಡೀ ಇರಿಸಿಕೊಳ್ಳುವ ಆಶ್ರಮಗಳಿಗೆ ಹೊಸಬರು ಕಡಿಮೆಯಾದರು. ಬೆಂಗಳೂರಿನ ಮಾಗಡಿ ರಸ್ತೆಯ ಸುಮನಹಳ್ಳಿಯಂಥವು ಚರ್ಮದ ಸಾಮಾನಿನ ತಯಾರಿಕೆ, ತರಬೇತಿ, ಅಂಗವಿಕಲರ ಪುನರ್ವಸತಿಯತ್ತ ಹೊರಳಿದವು. ತನ್ನ ಅಗತ್ಯವೇ ತೀರುವುದನ್ನು ಕಂಡು ಬೇರೆ ಕೆಲಸ ಹಿಡಿಯುವ ಸಂಸ್ಥೆಗಳು ಅಪರೂಪ.

ಈಗ ಹೊರಗಿನ ನಲ್ಲಿ ಬಿಗಿಯಾಗಿದೆ. 1976ರಲ್ಲಿ ಬಂದು 2010ರಲ್ಲಿ ಹೊಸದಾದ ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಿದ್ದುಪಡಿಯಾಯಿತು: ಆಡಳಿತದ ಖರ್ಚು ಶೇ. 20 ಮೀರುವಂತಿಲ್ಲ, ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ದೊಡ್ಡ ಸಂಸ್ಥೆಯ ಬಾಲ ಹಿಡಿದಿದ್ದ ಹಳ್ಳಿಯ ಪುಟ್ಟ ಕೇಂದ್ರಗಳಿಗೆ ಎರಡನೆಯದೇ ದೊಡ್ಡ ಪೆಟ್ಟು. ರಾಜ್ಯದ 2022ರ ಮತಾಂತರ ನಿಷೇಧ ಕಾಯ್ದೆಯಂತೂ ಧಾರ್ಮಿಕ ಸಂಸ್ಥೆಯ ಶಾಲೆಯ ಉಚಿತ ಶಿಕ್ಷಣವನ್ನೂ ಆಮಿಷದ ಪಟ್ಟಿಗೆ ಸೇರಿಸಿತು. ಹಂಚಿನ ಕಾಲದ ‘ಯಾರಿಗಾಗಿ’ ಎಂಬ ಪ್ರಶ್ನೆ ಹೀಗೆ ಕಾನೂನಿನ ಭಾಷೆಯಲ್ಲಿ ಮರಳಿ ಬಂತು.

ಹೋದ ವರ್ಷ ಕರಾವಳಿಯ ಒಂದು ಚರ್ಚಿನ ಕೊಯ್ಲು ಹಬ್ಬಕ್ಕೆ ಹೋಗಿದ್ದೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಏಲಂ. ಬಾಳೆಗೊನೆ, ಹುಂಜ, ಬಸಳೆಯ ಕಟ್ಟು. ಒಂದು ಬೂದುಗುಂಬಳವನ್ನು ಪೇಟೆಯ ಬೆಲೆಯ ಹತ್ತು ಪಟ್ಟು ಕೊಟ್ಟು ಕೊಂಡವರು ಹೊರಲಾರದೆ ಮತ್ತೆ ಮೇಜಿನ ಮೇಲಿಟ್ಟರು. ಇನ್ನೊಬ್ಬರು ಕೊಂಡರು, ಅವರೂ ಇಟ್ಟರು. ‘ದುಡ್ಡು ಎಲ್ಲಿಗೆ?’ ಎಂದು ಪಕ್ಕದಲ್ಲಿದ್ದ ಹಿರಿಯರನ್ನು ಕೇಳಿದೆ. ‘ಕೆಳಗಿನ ಮನೆ ಶೀನಣ್ಣನ ಡಯಾಲಿಸಿಸ್ಸಿಗೆ ಮಾರಾಯ್ರೆ’ ಎಂದರು. ಶೀನಣ್ಣ ಚರ್ಚಿನವನಲ್ಲ. ಕುಂಬಳಕಾಯಿ ಮೂರನೇ ಸಲ ಏಲಂಗೆ ಬಂದಿತ್ತು.